ಆಟಕ್ಕೂ ಬೇಕು ಪೂರ್ವರಂಗ

ನಮ್ಮ ಕಾಸರಗೋಡಿನ ಕಡೆ 'ಆಟ' ಎಂಬ ಮಾತಿಗೆ ಎರಡು ಅರ್ಥ. ಮೈದಾನದಲ್ಲಿ ಮಕ್ಕಳು ಆಡುವುದೂ ಆಟ. ರಾತ್ರಿ ರಂಗಸ್ಥಳದಲ್ಲಿ ಯಕ್ಷಗಾನ ಮೇಳದವರು ಆಡುವುದೂ ಆಟ. ಈ ಎರಡನೆಯ ಆಟವನ್ನು ನೋಡುತ್ತ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಅಲ್ಲಿ ಪ್ರಸಂಗವು ಒಮ್ಮೆಲೇ ಆರಂಭವಾಗುವುದಿಲ್ಲ. ಮೊದಲು ಕೇಳಿ ಬಡಿಯುತ್ತಾರೆ. ಆಮೇಲೆ ಕೋಡಂಗಿಗಳು ಬರುತ್ತಾರೆ, ಬಾಲಗೋಪಾಲರು ಕುಣಿಯುತ್ತಾರೆ, ಸ್ತ್ರೀವೇಷ ಬರುತ್ತದೆ. ಈ ಪೂರ್ವರಂಗದಲ್ಲಿಯೇ ಕಲಿಯುವ ಹುಡುಗರ ಕಾಲು ತಾಳಕ್ಕೆ ಹೊಂದಿಕೊಳ್ಳುವುದು, ಹಿಮ್ಮೇಳದವರ ಸ್ವರವೂ ಕೈಯೂ ಹದಕ್ಕೆ ಬರುವುದು. ಕಾಲಮಿತಿಯ ಆಟಗಳು ಬಂದ ಮೇಲೆ ಪೂರ್ವರಂಗವು ಚಿಕ್ಕದಾಗಿದೆ ಎಂಬುದು ನಿಜ. ಆದರೆ ಅದರ ಹಿಂದಿರುವ ವಿವೇಕವು ಚಿಕ್ಕದಾಗಿಲ್ಲ.

ಮೊದಲನೆಯ ಆಟದ, ಎಂದರೆ ಮೈದಾನದ ಆಟದ, ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ಗಂಟೆ ಬಾರಿಸಿತು, ಬೆಂಚಿನಿಂದ ಎದ್ದರು, ಮೈದಾನಕ್ಕೆ ನುಗ್ಗಿದರು. ಮೂರನೆಯ ನಿಮಿಷಕ್ಕೆ ಕಬಡ್ಡಿಯ ರೈಡು! ವಾರ್ಷಿಕ ಕ್ರೀಡಾಕೂಟದ ದಿನವಂತೂ ಒಂದು ಗಂಟೆ ನೆರಳಿನಲ್ಲಿ ಕುಳಿತು ಹರಟುತ್ತಿದ್ದ ಹುಡುಗನು ಹೆಸರು ಕರೆದೊಡನೆ ಓಡಿಹೋಗಿ ಗೆರೆಯ ಮೇಲೆ ನಿಲ್ಲುತ್ತಾನೆ. ಸೀಟಿ ಊದಿದೊಡನೆ ಮೈಯಲ್ಲಿದ್ದ ಬಲವನ್ನೆಲ್ಲ ಒಮ್ಮೆಲೇ ಹೊರಗೆ ಹಾಕುತ್ತಾನೆ. ಹೀಗೆ ಓಡುವವರಲ್ಲಿ ಯಾರಾದರೊಬ್ಬರು ಅರ್ಧ ದಾರಿಯಲ್ಲಿ ತೊಡೆಯ ಹಿಂಭಾಗವನ್ನು ಹಿಡಿದುಕೊಂಡು ಕುಸಿದರೆ ಅದಕ್ಕೆ ಗ್ರಹಚಾರವನ್ನು ದೂರಿ ಫಲವಿಲ್ಲ. ಆಟಕ್ಕೆ ಮೊದಲು ಮೈಯನ್ನು ಹೇಗೆ ಸಿದ್ಧಪಡಿಸಬೇಕು, ಏಕೆ ಸಿದ್ಧಪಡಿಸಬೇಕು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಮೈ ಕಾಯುವುದೆಂದರೇನು?

ಕ್ರೀಡಾ ಅಧ್ಯಾಪಕರು 'ವಾರ್ಮ್ ಅಪ್' ಎಂದು ಹೇಳುವುದನ್ನು ನಾವು ಕನ್ನಡದಲ್ಲಿ ಮೈ ಕಾಯಿಸುವುದು ಎನ್ನೋಣ. ಇದು ಬರಿಯ ಉಪಮೆಯಲ್ಲ, ಅಕ್ಷರಶಃ ನಿಜ. ನಮ್ಮ ಶರೀರದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಆದರೆ ಸುಮ್ಮನೆ ಕುಳಿತವನ ಕಾಲಿನ ಸ್ನಾಯುಗಳ ಉಷ್ಣತೆ ಅದಕ್ಕಿಂತ ಕಡಿಮೆ ಇರುತ್ತದೆ. ಕೆಲವು ನಿಮಿಷ ಮೆಲ್ಲನೆ ಓಡಿದರೆ ಅದು ಏರುತ್ತ ಹೋಗಿ 38 ಡಿಗ್ರಿಯನ್ನೂ ದಾಟುತ್ತದೆ. ಹೀಗೆ ಸ್ನಾಯುವಿನ ಉಷ್ಣತೆ ಏರಿದಾಗ ಅದು ಹೆಚ್ಚು ಕೆಲಸ ಮಾಡಬಲ್ಲದು ಎಂಬುದನ್ನು ಡೆನ್ಮಾರ್ಕಿನ ಆಸ್ಮುಸೆನ್ ಮತ್ತು ಬೋಯೆ ಎಂಬ ಇಬ್ಬರು ವಿಜ್ಞಾನಿಗಳು 1945ರಲ್ಲಿಯೇ ತೋರಿಸಿಕೊಟ್ಟಿದ್ದರು.

ಉಷ್ಣತೆಯ ಜೊತೆಗೆ ಇನ್ನೂ ಹಲವು ಬದಲಾವಣೆಗಳಾಗುತ್ತವೆ. ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಗೆ ದೂಡುತ್ತದೆ. ಅದರಲ್ಲಿ ಸ್ನಾಯುಗಳ ಪಾಲು ಸುಮಾರು ಐದರಲ್ಲಿ ಒಂದು ಭಾಗ ಮಾತ್ರ. ಬಿರುಸಾಗಿ ಓಡುವಾಗ ಹೃದಯ ದೂಡುವ ರಕ್ತವೂ ಹಲವು ಪಟ್ಟು ಹೆಚ್ಚುತ್ತದೆ, ಅದರ ಐದರಲ್ಲಿ ನಾಲ್ಕು ಭಾಗದಷ್ಟು ಸ್ನಾಯುಗಳಿಗೆ ಹರಿಯುತ್ತದೆ. ತೋಟಕ್ಕೆ ನೀರು ಬಿಡುವವನು ಒಂದು ಕಣಿಯನ್ನು ಕಟ್ಟಿ ಇನ್ನೊಂದನ್ನು ಬಿಡಿಸುವ ಹಾಗೆ, ಶರೀರವು ರಕ್ತದ ದಾರಿಗಳನ್ನು ಬದಲಿಸಬೇಕು. ಅದಕ್ಕೆ ಸ್ವಲ್ಪ ಹೊತ್ತು ಬೇಕು. ಬಿಸಿಯಾದ ಸ್ನಾಯುವಿನಲ್ಲಿ ರಕ್ತವು ಆಮ್ಲಜನಕವನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ನರಗಳಲ್ಲಿ ಸಂದೇಶವು ಬೇಗನೆ ಸಾಗುತ್ತದೆ. ಎಂದರೆ ಕಾಲು ಜಾರಿದೊಡನೆ ಅದನ್ನು ಸರಿಪಡಿಸಿಕೊಳ್ಳುವ ಚುರುಕು ಬರುತ್ತದೆ.

ಬಿಸಿಯಾದ ಸ್ನಾಯು ಬೇಗನೆ ಹರಿಯುವುದೂ ಇಲ್ಲ. 1988ರಲ್ಲಿ ಅಮೆರಿಕದಲ್ಲಿ ಮೊಲದ ಸ್ನಾಯುಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಮೊದಲೇ ಸ್ವಲ್ಪ ಕೆಲಸ ಮಾಡಿಸಿದ ಸ್ನಾಯು ಹರಿಯಬೇಕಾದರೆ ಸುಮ್ಮನೆ ಇದ್ದ ಸ್ನಾಯುವಿಗಿಂತ ಹೆಚ್ಚು ಬಲ ಬೇಕಾಯಿತು, ಅದು ಹೆಚ್ಚು ಉದ್ದಕ್ಕೂ ಹಿಗ್ಗಿತು. ತಣ್ಣಗಿನ ಬೆಲ್ಲ ಮುರಿಯುತ್ತದೆ, ಬಿಸಿ ಬೆಲ್ಲ ಎಳೆದ ಹಾಗೆ ಬರುತ್ತದೆ ಎಂಬುದನ್ನು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ.

'ಇಲ್ಲಿ ನೆತ್ತಿ ಸುಡುವ ಬಿಸಿಲಿದೆ, ಮೈ ಕಾದೇ ಇದೆ, ಮತ್ತೇಕೆ ಕಾಯಿಸುವುದು?' ಎಂದು ಕೆಲವರು ಕೇಳುವುದುಂಟು. ಬಿಸಿಲು ಬೇಗ ಕಾಯಿಸುವುದು ಚರ್ಮವನ್ನು. ತೊಡೆಯ ದಪ್ಪ ಸ್ನಾಯುವು ಒಳಗಿನಿಂದ ಬಿಸಿಯಾಗಬೇಕಾದರೆ ಅದು ದುಡಿಯಲೇಬೇಕು. ರಕ್ತದ ದಾರಿಗಳನ್ನು ಬಿಡಿಸುವ ಕೆಲಸವನ್ನಂತೂ ಬಿಸಿಲು ಮಾಡಿಕೊಡಲಾರದು.

ಎಳೆತ: ಆಟಕ್ಕೆ ಮೊದಲೋ, ಆಮೇಲೋ?

ಇನ್ನು ಸ್ನಾಯುಗಳನ್ನು ಎಳೆದು ಸಡಿಲಿಸುವ ವಿಚಾರ. ಇದರಲ್ಲಿ ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ತಿಳಿವಳಿಕೆ ಬಹಳ ಬದಲಾಗಿದೆ. ಇಂದಿನ ತಂದೆ ತಾಯಂದಿರು ಶಾಲೆಯಲ್ಲಿದ್ದ ಕಾಲದಲ್ಲಿ ಸಿದ್ಧತೆ ಎಂದರೆ ಸಾಲಾಗಿ ನಿಂತು, ಮಂಡಿ ಮಡಿಸದೆ ಬಗ್ಗಿ, ಕಾಲಿನ ಬೆರಳು ಮುಟ್ಟಿ, ಎಣಿಕೆ ಮುಗಿಯುವ ತನಕ ಹಾಗೆಯೇ ಇರುವುದು. ಇದನ್ನು ನಾವು ನಿಲುಗಡೆಯ ಎಳೆತ ಎನ್ನಬಹುದು. ಪೆಟ್ಟನ್ನು ತಪ್ಪಿಸುವ ಮುಖ್ಯ ಉಪಾಯ ಇದೇ ಎಂದು ಲೋಕದ ಎಲ್ಲ ಕಡೆಯೂ ನಂಬಿದ್ದರು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಒಂದು ಪ್ರಸಿದ್ಧ ಅಧ್ಯಯನ ಆಸ್ಟ್ರೇಲಿಯಾದಲ್ಲಿ ನಡೆದು 2000ದಲ್ಲಿ ಪ್ರಕಟವಾಯಿತು. ಸೈನ್ಯಕ್ಕೆ ಹೊಸದಾಗಿ ಸೇರಿದ 1538 ಯುವಕರನ್ನು ಎರಡು ಪಾಲು ಮಾಡಿದರು. ಮೈ ಕಾಯಿಸುವ ವ್ಯಾಯಾಮವನ್ನು ಎರಡು ಪಾಲಿನವರೂ ಮಾಡಿದರು. ಒಂದು ಪಾಲಿನವರು ಮಾತ್ರ ಅದರೊಂದಿಗೆ ಕಾಲಿನ 6 ಸ್ನಾಯು ಸಮೂಹಗಳನ್ನು ತಲಾ 20 ಸೆಕೆಂಡು ಎಳೆದು ಹಿಡಿದರು. ಹನ್ನೆರಡು ವಾರಗಳ ತರಬೇತಿಯ ಬಳಿಕ ಲೆಕ್ಕ ಹಾಕಿದಾಗ, ಎರಡು ಪಾಲಿನವರಿಗೂ ಆದ ಪೆಟ್ಟುಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. ಅಲ್ಲದೆ, ಒಂದೇ ಸ್ನಾಯುವನ್ನು 60 ಸೆಕೆಂಡಿಗೂ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಬಲವೂ ಚಿಮ್ಮುವ ಶಕ್ತಿಯೂ ಸ್ವಲ್ಪ ಹೊತ್ತು ತಗ್ಗುತ್ತವೆ ಎಂಬುದು ಆಮೇಲಿನ ಅನೇಕ ಪರೀಕ್ಷೆಗಳಿಂದ ತಿಳಿದುಬಂತು. ಸ್ವಲ್ಪವೇ ಎಂದು ಇದನ್ನು ಕಡೆಗಣಿಸುವಂತಿಲ್ಲ. ನಮ್ಮ ರಾಜ್ಯದವರೇ ಆದ ಪಿ. ಟಿ. ಉಷಾ ಅವರು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಕಂಚಿನ ಪದಕವನ್ನು ಕಳೆದುಕೊಂಡದ್ದು ಒಂದು ಸೆಕೆಂಡಿನ ನೂರನೆಯ ಒಂದು ಭಾಗದಿಂದ.

ಹಾಗಾದರೆ ಎಳೆತವೇ ಬೇಡವೇ? ಬೇಕು. ಆದರೆ ಆಟಕ್ಕೆ ಮೊದಲು ಬೇಕಾದದ್ದು ಚಲನೆಯ ಎಳೆತ. ಎಂದರೆ ನಡೆಯುತ್ತ, ಕಾಲು ಬೀಸುತ್ತ, ತೋಳು ತಿರುಗಿಸುತ್ತ, ಆಟದಲ್ಲಿ ಮಾಡಬೇಕಾದ ಚಲನೆಯನ್ನೇ ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ ಮಾಡುವುದು. ನಿಲುಗಡೆಯ ಎಳೆತವು ಗಂಟುಗಳ ಬಾಗುವಿಕೆಯನ್ನು ದಿನದಿಂದ ದಿನಕ್ಕೆ ಹೆಚ್ಚಿಸುತ್ತದೆ. ಅದಕ್ಕೆ ತಕ್ಕ ಹೊತ್ತು ಆಟ ಮುಗಿದು ಮೈ ಇನ್ನೂ ಬಿಸಿಯಾಗಿರುವಾಗ. ಮರುದಿನದ ಮೈನೋವನ್ನು ಅದು ತಪ್ಪಿಸುತ್ತದೆಯೆಂದು ಮಾತ್ರ ತಿಳಿಯಬಾರದು. ಆ ಪ್ರಯೋಜನ ಅಷ್ಟಾಗಿ ಇಲ್ಲವೆಂದೇ ಪರೀಕ್ಷೆಗಳು ಹೇಳುತ್ತವೆ. ಒಟ್ಟಿನಲ್ಲಿ ನೆನಪಿಡಬೇಕಾದ ಸೂತ್ರ ಇಷ್ಟೆ: ಮೊದಲು ಕಾಯಿಸು, ಆಮೇಲೆ ಬೀಸು, ಆಟವಾದ ಮೇಲೆ ಎಳೆ.

ನಮ್ಮ ನೆರೆಯ ಕಳರಿಪಯಟ್ಟಿನಲ್ಲಿ ಈ ತಿಳಿವಳಿಕೆ ಹಿಂದಿನಿಂದಲೇ ಇದೆ. ಅಲ್ಲಿ ಕಲಿಯಲು ಬಂದವನ ಕೈಗೆ ಮೊದಲ ದಿನವೇ ಕತ್ತಿ ಕೊಡುವುದಿಲ್ಲ. ಮೊದಲ ಘಟ್ಟವೇ ಮೈಯನ್ನು ಹದಗೊಳಿಸುವ ವರಸೆಗಳು. ಕಾಲೆತ್ತಿ ಬೀಸುವುದು, ಬಾಗುವುದು, ತಿರುಗುವುದು, ಹಾರುವುದು ಇವನ್ನೆಲ್ಲ ಕಲಿತು ಮೈ ಮಣಿದ ಮೇಲೆಯೇ ಕೋಲು, ಅದರ ನಂತರವೇ ಕತ್ತಿ ಗುರಾಣಿ.

ಹದಿನೈದು ನಿಮಿಷದ ಕ್ರಮ

ಇದಕ್ಕೆ ದುಡ್ಡಿನ ಸಾಧನವೇನೂ ಬೇಡ. ಹದಿನೈದು ನಿಮಿಷದ ವ್ಯವಧಾನವಿದ್ದರೆ ಸಾಕು. ಮಕ್ಕಳು ತಾವೇ ನಡೆಸಿಕೊಳ್ಳಬಹುದಾದ ಒಂದು ಕ್ರಮ ಹೀಗಿದೆ.

1. ಮೊದಲ 5 ನಿಮಿಷ: ಮೈದಾನದ ಸುತ್ತ ಬಿರುಸಾದ ನಡಿಗೆ, ಅನಂತರ ಮೆಲ್ಲಗಿನ ಓಟ. ಪಕ್ಕದವನೊಡನೆ ಮಾತನಾಡಲು ಸಾಧ್ಯವಾಗಬೇಕು. ಆದರೆ ಕೊನೆಗೆ ಹಣೆಯಲ್ಲಿ ಬೆವರು ಕಾಣಿಸಬೇಕು. ಓಡುತ್ತಲೇ ಹಿಂದಕ್ಕೆ, ಅಡ್ಡಕ್ಕೆ ಕೆಲವು ಹೆಜ್ಜೆ ಹಾಕಬೇಕು.

2. ಮುಂದಿನ 5 ನಿಮಿಷ: ಚಲನೆಯ ಎಳೆತ. ಮಂಡಿಯನ್ನು ಎದೆಯ ಕಡೆಗೆ ಎತ್ತುತ್ತ ನಡೆಯುವುದು; ಹಿಮ್ಮಡಿಯನ್ನು ಕುಂಡೆಗೆ ಮುಟ್ಟಿಸುತ್ತ ಓಡುವುದು; ದೊಡ್ಡ ಹೆಜ್ಜೆಯಿಟ್ಟು ಮಂಡಿ ಬಾಗಿಸುವುದು; ಗೋಡೆ ಹಿಡಿದು ಕಾಲನ್ನು ಮುಂದಕ್ಕೂ ಹಿಂದಕ್ಕೂ, ಎಡಕ್ಕೂ ಬಲಕ್ಕೂ ಬೀಸುವುದು; ಪಾದದ ಗಂಟನ್ನೂ ತೋಳುಗಳನ್ನೂ ತಿರುಗಿಸುವುದು. ಒಂದೊಂದನ್ನು ಹತ್ತು ಸಲ ಮಾಡಿದರೆ ಸಾಕು. ಜಗ್ಗಿ ಜಗ್ಗಿ ಎಳೆಯಬಾರದು, ನೋವು ಬರುವ ತನಕ ಹೋಗಬಾರದು.

3. ಕೊನೆಯ 5 ನಿಮಿಷ: ಸಮತೋಲ ಮತ್ತು ಆಟದ ಚಲನೆ. ಒಂಟಿ ಕಾಲಿನಲ್ಲಿ ತಲಾ 30 ಸೆಕೆಂಡು ನಿಲ್ಲುವುದು. ಸಣ್ಣಗೆ ಹಾರಿ ಮಂಡಿ ಬಾಗಿಸಿ ಸದ್ದಿಲ್ಲದೆ ಇಳಿಯುವುದು. ಬಳಿಕ ಓಟಗಾರರು 30 ಮೀಟರಿನ ಮೂರು ನಾಲ್ಕು ಓಟಗಳನ್ನು ಒಂದಕ್ಕಿಂತ ಒಂದು ಬಿರುಸಾಗಿ ಓಡಬೇಕು. ಕಬಡ್ಡಿಯವರು ತಗ್ಗಿ ಸರಿಯುವುದನ್ನೂ ಕಾಲು ಚಾಚಿ ಮುಟ್ಟುವುದನ್ನೂ ಹಿಡಿಯುವವರಿಲ್ಲದೆ ಮಾಡಬೇಕು. ಉದ್ದ ಜಿಗಿತದವರು ಅರ್ಧ ದೂರದಿಂದ ಓಡಿಬಂದು ಒಂದೆರಡು ಸಲ ಹಗುರವಾಗಿ ಹಾರಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಯಿಸಿದ ಮೈ ಹಾಗೆಯೇ ಉಳಿಯುವುದಿಲ್ಲ. ಕಾಲು ಗಂಟೆ ಸುಮ್ಮನೆ ಕುಳಿತರೆ ಆ ಬಿಸಿ ಇಳಿಯತೊಡಗುತ್ತದೆ. ಕ್ರೀಡಾಕೂಟದಲ್ಲಿ ಬೆಳಿಗ್ಗೆ ಒಮ್ಮೆ ಓಡಿ, ಮಧ್ಯಾಹ್ನದ ಸ್ಪರ್ಧೆಗೆ ಅದೇ ಸಾಕೆಂದು ತಿಳಿಯಬಾರದು. ಹೆಸರು ಕರೆಯುವುದಕ್ಕೆ ಮೊದಲು ಮತ್ತೆ ಮೂರು ನಾಲ್ಕು ನಿಮಿಷ ಮೈ ಅಲುಗಿಸಬೇಕು. ಕಬಡ್ಡಿಯಲ್ಲಿ ಹೊರಗೆ ಕುಳಿತ ಬದಲಿ ಆಟಗಾರರಿಗೂ ಇದೇ ಮಾತು ಅನ್ವಯಿಸುತ್ತದೆ. ಬಿಸಿಲು ಹೆಚ್ಚಿರುವ ದಿನ ಈ ಸಿದ್ಧತೆಯನ್ನು ನೆರಳಿನಲ್ಲಿ ಮಾಡಬೇಕು, ನಡುನಡುವೆ ನೀರು ಕುಡಿಯಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲ, ಆದುದರಿಂದ ಮೈಯ ಬಿಸಿಯೂ ಬೇಗ ಇಳಿಯುವುದಿಲ್ಲ ಎಂಬುದು ನೆನಪಿರಲಿ.

ಈ ಬಗೆಯ ಸಿದ್ಧತೆಯಿಂದ ನಿಜವಾಗಿಯೂ ಪ್ರಯೋಜನವಿದೆಯೇ? ಇದೆ. ಫುಟ್ಬಾಲಿಗಾಗಿ ರೂಪಿಸಿದ, ಓಟ, ಬಲ, ಸಮತೋಲ, ಹಾರಿ ಇಳಿಯುವ ಬಗೆ ಇವುಗಳನ್ನು ಕೂಡಿಸಿದ ಸುಮಾರು 20 ನಿಮಿಷಗಳ ಒಂದು ಕ್ರಮವನ್ನು ನಾರ್ವೆ ದೇಶದ 125 ಕ್ಲಬ್ಬುಗಳಲ್ಲಿ ಪರೀಕ್ಷಿಸಿದರು. ಆಟಗಾರ್ತಿಯರು 13ರಿಂದ 17 ವರ್ಷದ ಹುಡುಗಿಯರು, ನಮ್ಮ ಪ್ರೌಢಶಾಲೆಯ ಮಕ್ಕಳದೇ ವಯಸ್ಸು. ಒಟ್ಟು 1892 ಮಂದಿ. ಎಂಟು ತಿಂಗಳ ಒಂದು ಋತುವಿನ ಬಳಿಕ, ಈ ಕ್ರಮವನ್ನು ಅನುಸರಿಸಿದ ಕ್ಲಬ್ಬುಗಳಲ್ಲಿ ಒಟ್ಟು ಪೆಟ್ಟುಗಳು ಸುಮಾರು ಮೂರನೆಯ ಒಂದು ಭಾಗದಷ್ಟೂ ತೀವ್ರವಾದ ಪೆಟ್ಟುಗಳು ಸುಮಾರು ಅರ್ಧದಷ್ಟೂ ಕಡಿಮೆಯಾಗಿದ್ದುವು. ಇದು 2008ರಲ್ಲಿ ಪ್ರಕಟವಾದ ಫಲಿತಾಂಶ. ಗಮನಿಸಬೇಕಾದುದು ಏನೆಂದರೆ, ಅಲ್ಲಿ ಹುಡುಗಿಯರು ಇದನ್ನು ಪಂದ್ಯದ ದಿನ ಮಾತ್ರವಲ್ಲ, ಅಭ್ಯಾಸದ ದಿನಗಳಲ್ಲಿಯೂ ಮಾಡುತ್ತಿದ್ದರು.

ಆದರೂ ಇದು ರಕ್ಷೆಯ ನೂಲಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದ ಸೆಮಿಫೈನಲಿನ ನಡುವೆ ಬ್ರಿಟನ್ನಿನ ಡೆರೆಕ್ ರೆಡ್ಮಂಡ್ ಎಂಬ ಓಟಗಾರನ ತೊಡೆಯ ಹಿಂಬದಿಯ ಸ್ನಾಯು ಹರಿಯಿತು. ಸಿದ್ಧತೆಯಲ್ಲಿ ಯಾವ ಕೊರತೆಯೂ ಇಲ್ಲದ ಮಟ್ಟದಲ್ಲಿಯೂ ಹಾಗಾಗುತ್ತದೆ. ಕುಂಟುತ್ತ ಮುಂದೆ ಸಾಗಿದ ಮಗನನ್ನು ಪ್ರೇಕ್ಷಕರ ನಡುವಿನಿಂದ ಓಡಿಬಂದ ತಂದೆ ಹೆಗಲು ಕೊಟ್ಟು ಗೆರೆ ದಾಟಿಸಿದ ಚಿತ್ರವನ್ನು ಜಗತ್ತೇ ನೋಡಿತು. ಕೊಡೆ ಹಿಡಿದವನೂ ಜೋರು ಮಳೆಗೆ ಸ್ವಲ್ಪ ನೆನೆಯುತ್ತಾನೆ. ಹಾಗೆಂದು ಕೊಡೆಯನ್ನು ಮನೆಯಲ್ಲಿ ಬಿಟ್ಟುಬರುವವರು ಯಾರೂ ಇಲ್ಲ.

ಮಳೆಗಾಲದ ಬಳಿಕ

ಹದಿನೈದು ನಿಮಿಷದ ಪೂರ್ವರಂಗದ ಹಿಂದೆ ಹಲವು ವಾರಗಳ ಪೂರ್ವರಂಗವೂ ಇರಬೇಕು. ನಮ್ಮಲ್ಲಿ ಜೂನಿನಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೆ. ಎರಡು ಮೂರು ತಿಂಗಳು ಮೈದಾನದಲ್ಲಿ ನೀರು. ಮಳೆ ಬಿಟ್ಟು ನೆಲ ಆರುತ್ತಿದ್ದಂತೆಯೇ ಶಾಲೆಯ ಕ್ರೀಡಾಕೂಟ, ಬೆನ್ನಿಗೇ ಉಪಜಿಲ್ಲಾ ಕೂಟ. ಈ ಅವಸರದಲ್ಲಿ ಮಕ್ಕಳು ಮೊದಲ ವಾರವೇ ದಿನಕ್ಕೆ ಎರಡು ಹೊತ್ತು ಓಡತೊಡಗುತ್ತಾರೆ. ಅದೂ ಮುರಕಲ್ಲಿನ ಗಟ್ಟಿ ನೆಲದಲ್ಲಿ, ಹಲವರು ಬರಿಗಾಲಿನಲ್ಲಿ. ಮೀನಖಂಡವೂ ಮೊಣಕಾಲಿನ ಕೆಳಗಿನ ಮುಂಗಾಲಿನ ಎಲುಬೂ ನೋಯುವುದು ಇದರಿಂದಲೇ. ಆದುದರಿಂದ ಮಳೆಗಾಲದಲ್ಲಿಯೂ ಶಾಲೆಯ ಜಗಲಿಯಲ್ಲಿ ಕುಳಿತೇಳುವುದು, ಹಗ್ಗ ಹಾರುವುದು, ಒಂಟಿ ಕಾಲಿನ ಸಮತೋಲ ಇವುಗಳನ್ನು ಬಿಡಬಾರದು. ಮೈದಾನಕ್ಕೆ ಇಳಿದ ಮೇಲೆ ಓಟವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

ಇನ್ನೊಂದು ವಿಷಯ ಬೆಳೆಯುವ ವಯಸ್ಸಿನದು. 11ರಿಂದ 15ರೊಳಗೆ ಮಕ್ಕಳು ಒಮ್ಮೆಲೇ ಉದ್ದವಾಗುತ್ತಾರೆ. ಆಗ ಎಲುಬಿನ ಬೆಳವಣಿಗೆಗೆ ಸ್ನಾಯು ಸರಿಸಮವಾಗಿ ಬರಲಾರದೆ ಬಿಗಿಯಾಗುತ್ತದೆ, ಸ್ನಾಯು ಎಲುಬಿಗೆ ಅಂಟುವ ಜಾಗದಲ್ಲಿ ಸೆಳೆಯುತ್ತದೆ. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವ ತೊಂದರೆಯನ್ನು 1903ರಲ್ಲಿ ಅಮೆರಿಕದ ಓಸ್ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಶ್ಲಾಟರ್ ಎಂಬ ವೈದ್ಯರು ಬೇರೆ ಬೇರೆಯಾಗಿ ವಿವರಿಸಿದರು. ಇಂದಿಗೂ ಅವರ ಹೆಸರೇ ಅದಕ್ಕಿದೆ. ಹೆಚ್ಚಿನ ಮಕ್ಕಳಲ್ಲಿ ಬೆಳವಣಿಗೆ ಮುಗಿಯುವಾಗ ಅದು ತಾನಾಗಿ ಶಮನವಾಗುತ್ತದೆ. ಆದರೆ ಅಂಥ ಮಗು 'ಮಂಡಿ ನೋವು' ಎಂದಾಗ ಸೋಮಾರಿತನದ ನೆವವೆಂದು ಗದರಿಸಿ ಓಡಿಸಬಾರದು. ಕೆಲವು ದಿನ ಹಾರುವುದನ್ನೂ ಓಡುವುದನ್ನೂ ಕಡಿಮೆ ಮಾಡಿಸಬೇಕು, ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು.

ಪೆಟ್ಟಾದರೆ ಏನು ಮಾಡಬೇಕು?

ಪೆಟ್ಟಾದ ಮಗು 'ಕಾಲು ನೋವು' ಎಂದಷ್ಟೇ ಹೇಳಿದರೆ ಸಾಲದು. ನಮ್ಮ ಭಾಷೆಯಲ್ಲಿ ಬೇರೆ ಬೇರೆ ಪದಗಳಿವೆ, ಅವನ್ನು ಬಳಸಲು ಕಲಿಯಬೇಕು. ಗಂಟು ಹೊರಳಿ, ಎಲುಬಿಗೆ ಎಲುಬನ್ನು ಬಿಗಿದಿರುವ ಕಟ್ಟುಗಳು ನೊಂದರೆ ಅದು ಉಳುಕು. ಮಲಯಾಳದಲ್ಲಿಯೂ ಇದಕ್ಕೆ 'ಉಳುಕ್ಕ್' ಎಂದೇ ಹೆಸರಿರುವುದರಿಂದ ಆಸ್ಪತ್ರೆಯಲ್ಲಿ ತಿಳಿಯಪಡಿಸುವುದು ಸುಲಭ. ಓಡುವಾಗ ಯಾರೋ ಹಿಂದಿನಿಂದ ಹೊಡೆದ ಹಾಗೆ ಚಳಕ್ಕೆಂದು ನೊಂದರೆ ಅದು ಸ್ನಾಯು ಹರಿದುದರ ಲಕ್ಷಣ. ಸ್ನಾಯು ಕಲ್ಲಿನಂತೆ ಗಟ್ಟಿಯಾಗಿ ಕೆಲವು ನಿಮಿಷದಲ್ಲಿ ಬಿಟ್ಟುಹೋದರೆ ಅದು ಸೆಟೆತ. ಅದಕ್ಕೆ ಮೆಲ್ಲಗೆ ಎಳೆದು ಹಿಡಿಯುವುದೇ ಮದ್ದು.

ಉಳುಕಾದರೂ ಸ್ನಾಯು ಹರಿದರೂ ಮೊದಲ ಕೆಲಸ ಆಟವನ್ನು ನಿಲ್ಲಿಸುವುದು. 'ಇನ್ನೊಂದು ರೈಡು ಮಾತ್ರ' ಎಂಬ ಹುಮ್ಮಸ್ಸು ಒಂದು ವಾರದ ನೋವನ್ನು ಮೂರು ತಿಂಗಳಿನದಾಗಿ ಮಾಡುತ್ತದೆ. ಕಾಲನ್ನು ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ ಇಡಬಹುದು. ಅದು ನೋವನ್ನು ತಗ್ಗಿಸುತ್ತದೆ. ತೀರ ಬಿಗಿಯಾಗದಂತೆ ಬಟ್ಟೆ ಸುತ್ತಬಹುದು. ಮೊದಲ ಎರಡು ದಿನ ಬಿಸಿ ಶಾಖ ಕೊಡಬಾರದು, ಎಣ್ಣೆ ಹಾಕಿ ತಿಕ್ಕಬಾರದು, ಯಾರಿಂದಲೂ ಎಳೆಸಿ ತಿರುಚಿಸಬಾರದು. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಬಾವು ಹೆಚ್ಚುತ್ತದೆ. ಎಲುಬು ಮುರಿದಿದ್ದರಂತೂ ಅಪಾಯ. ಪಾದದ ಗಂಟು ಹೊರಳಿದವನಿಗೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಂಟಿನ ಎಲುಬನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಲೇಬೇಕು. ಬಾವು ಇಳಿದ ಮೇಲೆ ಮಲಗಿಯೇ ಇರುವುದೂ ಸರಿಯಲ್ಲ. ನೋವು ತಾಳುವಷ್ಟು ಮೆಲ್ಲಗೆ ನಡೆದಾಡುತ್ತ ಬಲವನ್ನು ಮರಳಿ ಗಳಿಸಬೇಕು. ಒಮ್ಮೆ ಉಳುಕಿದ ಗಂಟು ಮತ್ತೆ ಉಳುಕುವುದು ಹೆಚ್ಚು. ಆದುದರಿಂದ ಕುಂಟದೆ ಓಡಿ, ಒಂಟಿ ಕಾಲಿನಲ್ಲಿ ಹಾರಿ ತೋರಿಸುವ ತನಕ ಮಗುವನ್ನು ಪಂದ್ಯಕ್ಕೆ ಇಳಿಸಬಾರದು.

ಹೆತ್ತವರಲ್ಲಿ ಒಂದು ಮಾತು

ಮಕ್ಕಳಿಗೆ ಪೆಟ್ಟಾದಾಗ ನಷ್ಟವಾಗುವುದು ಒಂದು ಪದಕವಲ್ಲ. ಎಷ್ಟೋ ಮನೆಗಳಲ್ಲಿ ಮಗುವಿಗೆ ಒಮ್ಮೆ ಕಾಲು ಉಳುಕಿದರೆ 'ಇನ್ನು ಆಟ ಸಾಕು, ಓದು' ಎಂಬ ತೀರ್ಪು ಹೊರಡುತ್ತದೆ. ಹುಡುಗಿಯಾದರೆ ಆ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಹಾರಿ ಇಳಿಯುವ, ಓಡುತ್ತ ಗಕ್ಕನೆ ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಕಟ್ಟು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟಿಗೂ ಹೆಚ್ಚು ಎಂಬುದು ನಿಜ. ಇದರಿಂದ ನಾವು ತಿಳಿಯಬೇಕಾದುದು ಹುಡುಗಿಯರು ಆಡಬಾರದೆಂದಲ್ಲ. ಹಾರಿ ಇಳಿಯುವ ಕ್ರಮವನ್ನೂ ಮಂಡಿ ಒಳಕ್ಕೆ ವಾಲದಂತೆ ತಿರುಗುವ ಕ್ರಮವನ್ನೂ ಅವರಿಗೆ ಇನ್ನಷ್ಟು ಕಾಳಜಿಯಿಂದ ಕಲಿಸಬೇಕೆಂದು. ನಾರ್ವೆಯ ಹುಡುಗಿಯರು ತೋರಿಸಿಕೊಟ್ಟದ್ದು ಇದನ್ನೇ.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟು. ಅಭ್ಯಾಸದ ದಿನ ಮಗುವನ್ನು ಸ್ವಲ್ಪ ಬೇಗ ಕಳುಹಿಸಿರಿ, ಬರಿಹೊಟ್ಟೆಯಲ್ಲಿ ಕಳುಹಿಸಬೇಡಿರಿ, ಕುಡಿಯುವ ನೀರು ಕೊಟ್ಟು ಕಳುಹಿಸಿರಿ. ಸಂಜೆ ಬಂದಾಗ 'ಗೆದ್ದೆಯಾ?' ಎಂದು ಕೇಳುವ ಮೊದಲು 'ಮೈ ಕಾಯಿಸಿ ಆಡಿದೆಯಾ?' ಎಂದು ಕೇಳಿರಿ. ವಿದ್ಯಾರ್ಥಿಗಳೇ, ನಿಮಗೆ ಹೇಳುವುದೂ ಅದನ್ನೇ. ಕೇಳಿ ಬಡಿಯುವಾಗ ರಂಗಸ್ಥಳದ ಮುಂದೆ ಜನ ಹೆಚ್ಚಿರುವುದಿಲ್ಲ, ಚಪ್ಪಾಳೆಯೂ ಇಲ್ಲ. ನಿಮ್ಮ ಹದಿನೈದು ನಿಮಿಷವನ್ನೂ ಯಾರೂ ನೋಡಲಿಕ್ಕಿಲ್ಲ, ಅದಕ್ಕೆ ಬಹುಮಾನವೂ ಇಲ್ಲ. ಆದರೆ ಮುಂದಿನ ಪ್ರಸಂಗವೆಲ್ಲ ನಿಂತಿರುವುದು ಅದರ ಮೇಲೆ. ಬರುವ ವರ್ಷ ನಮ್ಮ ಶಾಲೆಯ ಮೈದಾನದಲ್ಲಿ ಸೀಟಿ ಊದುವಾಗ ಎಲ್ಲರ ಹಣೆಯಲ್ಲಿಯೂ ಮೊದಲೇ ಬೆವರು ಮೂಡಿರಲಿ ಎಂದು ನಾವು ಹಾರೈಸುತ್ತೇವೆ.